ಗಡಿ ದಾಟುವ ಪಾರ್ಸೆಲ್‌ಗೆ ವ್ಯಾಟ್: ಸಣ್ಣ ಮಾರಾಟಗಾರರಿಗೆ ಯಾವ ದಾರಿ ಸರಿ?

ಯಾರೋ ಒಬ್ಬರು ನಿಮ್ಮ ವೆಬ್‌ಸೈಟ್‌ನಲ್ಲಿ 30 ಯೂರೋ ಕೊಟ್ಟು ಒಂದು ಮರದ ಆಟಿಕೆ ತರಿಸಿಕೊಂಡರು ಅಂದುಕೊಳ್ಳಿ. ಪಾರ್ಸೆಲ್ ಅವರ ಮನೆ ಬಾಗಿಲಿಗೆ ಬಂತು. ತಂದವರು ಇನ್ನೂ ಒಂದಿಷ್ಟು ದುಡ್ಡು ಕೇಳಿದರು. ಸ್ವಲ್ಪ ವ್ಯಾಟ್ (ಸರಕು, ಸೇವೆಗಳ ಮಾರಾಟದ ಮೇಲಿನ ತೆರಿಗೆ), ಸ್ವಲ್ಪ ಕೊರಿಯರ್‌ನವರ ಶುಲ್ಕ. ಕೊಂಡವರಿಗೆ ಈ ಸುದ್ದಿಯೇ ಗೊತ್ತಿರಲಿಲ್ಲ. ಅವರು ಬೇಡ ಎಂದು ಪಾರ್ಸೆಲ್ ವಾಪಸ್ ಕಳಿಸಿದರು. ಆಟಿಕೆ ಮಾಡಿದವರಿಗೆ ಹೋಗುವ ಖರ್ಚೂ ಬಿತ್ತು, ಬರುವ ಖರ್ಚೂ ಬಿತ್ತು. ಗ್ರಾಹಕರೂ ಕೈತಪ್ಪಿದರು.

ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಮಾರಾಟಗಾರರು ದಾರಿ ಆರಿಸದೆ ಬಿಟ್ಟರು, ಅಷ್ಟೆ. ನೀವು ಆರಿಸದಿದ್ದರೆ ಕಾನೂನೇ ನಿಮ್ಮ ಪರವಾಗಿ ಒಂದು ದಾರಿ ಆರಿಸುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಗ್ರಾಹಕರಿಗೆ ಎಲ್ಲಕ್ಕಿಂತ ಬೇಸರ ತರುವ ದಾರಿಯೇ ಆಗಿರುತ್ತದೆ.

ಈ ಬರಹ ಐರೋಪ್ಯ ಒಕ್ಕೂಟದ 27 ದೇಶಗಳಲ್ಲಿರುವ ಸಾಮಾನ್ಯ ಗ್ರಾಹಕರಿಗೆ ಸರಕು ಮಾರುವ ಸಣ್ಣ ವ್ಯಾಪಾರಗಳಿಗಾಗಿ. ಬ್ರಿಟನ್ನಿನ ನಿಯಮ ಬೇರೆ. ಅದನ್ನು ಕೊನೆಯ ಹೊತ್ತಿಗೆ ಹೇಳುತ್ತೇನೆ. ನಿಮ್ಮ ಗ್ರಾಹಕರು ವ್ಯಾಟ್ ನಂಬರ್ ಇರುವ ಕಂಪನಿಗಳಾದರೆ ಲೆಕ್ಕವೇ ಬೇರೆ. ಒಕ್ಕೂಟದ ಒಂದು ದೇಶದಿಂದ ಇನ್ನೊಂದು ದೇಶದ ಕಂಪನಿಗೆ ಮಾರುವಾಗ ಅವರ ನಂಬರನ್ನು ವಿಐಇಎಸ್ ಎಂಬ ಒಕ್ಕೂಟದ ತಾಣದಲ್ಲಿ ಪರೀಕ್ಷಿಸಿ, ಸರಕು ಗಡಿ ದಾಟಿದ್ದಕ್ಕೆ ದಾಖಲೆ ಇಟ್ಟುಕೊಂಡರೆ, ವ್ಯಾಟ್ ಹಾಕದೆ ಬಿಲ್ ಮಾಡಬಹುದು. ತಮ್ಮ ದೇಶದ ತೆರಿಗೆಯನ್ನು ಅವರೇ ತೋರಿಸಿಕೊಳ್ಳುತ್ತಾರೆ. ತಲೆನೋವು ಇರುವುದು ಸಾಮಾನ್ಯ ಗ್ರಾಹಕರಿಗೆ ಮಾರುವಾಗ.

ಮೊದಲ ಪ್ರಶ್ನೆ: ಸರಕು ಎಲ್ಲಿದೆ?

ಹೆಚ್ಚಿನವರು "ನನ್ನ ಕಂಪನಿ ಯಾವ ದೇಶದ್ದು" ಎಂಬಲ್ಲಿಂದ ಶುರು ಮಾಡುತ್ತಾರೆ. ನಾನು ಹೇಳುವುದು, ಅದನ್ನು ಎರಡನೆಯ ಪ್ರಶ್ನೆ ಮಾಡಿ. ಗ್ರಾಹಕರು ದುಡ್ಡು ಕೊಟ್ಟ ಹೊತ್ತಿನಲ್ಲಿ ಆ ವಸ್ತು ಯಾವ ನೆಲದ ಮೇಲೆ ಇತ್ತು? ವ್ಯಾಟ್‌ನ ದಾರಿ ಬಹುಮಟ್ಟಿಗೆ ಅಲ್ಲೇ ನಿರ್ಧಾರವಾಗುತ್ತದೆ. ಬೇರೆ ಖಂಡದಲ್ಲಿ ನೋಂದಣಿಯಾದ ಕಂಪನಿಯ ಸರಕು ಪೋಲೆಂಡಿನ ಗೋದಾಮಿನಲ್ಲಿದ್ದರೆ, ವ್ಯಾಟ್‌ನ ಕಣ್ಣಿಗೆ ಅದು ಪೋಲೆಂಡಿನಿಂದ ಹೊರಡುವ ಸರಕು. ಜರ್ಮನಿಯ ಕಂಪನಿಯ ಸರಕು ಒಕ್ಕೂಟದ ಹೊರಗಿನ ಕಾರ್ಖಾನೆಯಿಂದ ನೇರವಾಗಿ ಗ್ರಾಹಕರ ಮನೆಗೆ ಹೋದರೆ, ಅದು ಆಮದು.

ಹೀಗಾಗಿ ಮೂರು ಸಂದರ್ಭಗಳು. ಸರಕು ಒಕ್ಕೂಟದ ಒಳಗೆ ಒಂದೇ ದೇಶದಲ್ಲಿದೆ. ಒಳಗೇ ಒಂದಕ್ಕಿಂತ ಜಾಸ್ತಿ ದೇಶಗಳಲ್ಲಿದೆ. ಇಲ್ಲವೇ ಹೊರಗಿದೆ.

ಒಕ್ಕೂಟದೊಳಗೆ, ಒಂದೇ ದೇಶದಿಂದ

2021ರ ಜುಲೈ 1ಕ್ಕೆ ಮುಂಚೆ ಪ್ರತಿ ದೇಶಕ್ಕೂ ಬೇರೆ ಮಿತಿ ಇತ್ತು. ಕೆಲವು ಕಡೆ 35,000 ಯೂರೋ, ಕೆಲವು ಕಡೆ 1,00,000. ಮಿತಿ ದಾಟಿದ ದೇಶದಲ್ಲೆಲ್ಲ ಹೋಗಿ ನೋಂದಣಿ ಮಾಡಿಸಬೇಕಿತ್ತು. ಆ ದಿನದಿಂದ ಅದೆಲ್ಲ ಹೋಗಿ ಒಂದೇ ಮಿತಿ ಬಂತು: ವರ್ಷಕ್ಕೆ 10,000 ಯೂರೋ. ಇದು ಒಂದೊಂದು ದೇಶಕ್ಕೆ 10,000 ಅಲ್ಲ. ನಿಮ್ಮ ದೇಶ ಬಿಟ್ಟು ಒಕ್ಕೂಟದ ಬೇರೆ ಎಲ್ಲ ದೇಶಗಳ ಗ್ರಾಹಕರಿಗೆ ಮಾರಿದ್ದನ್ನು, ವ್ಯಾಟ್ ಬಿಟ್ಟು, ಕೂಡಿಸಿದಾಗ 10,000. ಡಿಜಿಟಲ್ ಸೇವೆಗಳನ್ನೂ ಮಾರುತ್ತಿದ್ದರೆ ಅದೂ ಇದರಲ್ಲೇ ಸೇರುತ್ತದೆ. ಈ ವರ್ಷವೂ ಹೋದ ವರ್ಷವೂ ಈ ಮಿತಿಯೊಳಗೆ ಇರಬೇಕು.

ಮಿತಿಯೊಳಗಿದ್ದರೆ ಮೊದಲ ಆಯ್ಕೆ ಸುಲಭದ್ದು: ಏನೂ ಬದಲಿಸಬೇಡಿ. ಹೊರದೇಶದ ಗ್ರಾಹಕರಿಗೂ ನಿಮ್ಮ ದೇಶದ ದರವನ್ನೇ ಹಾಕಿ, ನಿಮ್ಮ ದೇಶದ ತೆರಿಗೆ ರಿಟರ್ನ್‌ನಲ್ಲೇ ತೋರಿಸಿ. ಆದರೆ ಒಂದು ಷರತ್ತು ಇದೆ. ನಿಮ್ಮ ವ್ಯಾಪಾರ ಒಕ್ಕೂಟದ ಒಂದೇ ಒಂದು ದೇಶದಲ್ಲಿ ನೆಲೆಸಿರಬೇಕು, ಸರಕೂ ಅಲ್ಲಿಂದಲೇ ಹೊರಡಬೇಕು. ಒಕ್ಕೂಟದ ಹೊರಗಿನ ಕಂಪನಿಗಳಿಗೆ ಈ 10,000ದ ರಿಯಾಯಿತಿ ಇಲ್ಲ. ಅವರಿಗೆ ಮೊದಲ ಯೂರೋದಿಂದಲೇ ಗ್ರಾಹಕರ ದೇಶದ ದರ.

ಮಿತಿ ದಾಟಿದರೆ? ಲಿಸ್ಬನ್‌ನಲ್ಲಿ ಆಟಿಕೆ ಮಾಡುವವರೊಬ್ಬರು ಒಂದು ವರ್ಷದಲ್ಲಿ ಫ್ರಾನ್ಸ್‌ಗೆ 6,000, ಜರ್ಮನಿಗೆ 3,000, ಸ್ವೀಡನ್‌ಗೆ 2,000 ಯೂರೋ ಮಾರಿದರು ಎನ್ನೋಣ. ಒಂದೊಂದು ದೇಶದ್ದು ಚಿಕ್ಕ ಮೊತ್ತವೇ. ಕೂಡಿಸಿದರೆ 11,000. ಮೊತ್ತ 10,000 ದಾಟಿಸಿದ ಆ ಒಂದು ಮಾರಾಟದಿಂದಲೇ ಪೋರ್ಚುಗಲ್‌ನ 23% ನಿಲ್ಲುತ್ತದೆ. ಫ್ರಾನ್ಸಿನವರಿಗೆ 20%, ಜರ್ಮನಿಯವರಿಗೆ 19%, ಸ್ವೀಡನ್ನಿನವರಿಗೆ 25% ಶುರುವಾಗುತ್ತದೆ. ಮುಂದಿನ ವರ್ಷದವರೆಗೆ ಕಾಯುವ ಹಾಗಿಲ್ಲ. ಆದ್ದರಿಂದ 8,000 ಆಸುಪಾಸಿಗೆ ಬಂದಾಗಲೇ ತಯಾರಿ ಮಾಡಿಕೊಳ್ಳುವುದು ಒಳ್ಳೆಯದು.

ಇಲ್ಲಿಂದ ಮುಂದೆ ಮೂರು ದಾರಿ.

ಒಂದು, ಪ್ರತಿ ದೇಶದಲ್ಲೂ ಬೇರೆ ಬೇರೆ ನೋಂದಣಿ. ಫ್ರಾನ್ಸ್‌ಗೆ ಒಂದು ರಿಟರ್ನ್, ಜರ್ಮನಿಗೆ ಇನ್ನೊಂದು, ಸ್ವೀಡನ್‌ಗೆ ಮತ್ತೊಂದು. ಬೇರೆ ಬೇರೆ ಭಾಷೆ, ಬೇರೆ ಬೇರೆ ಗಡುವು. ಬರೀ ಗ್ರಾಹಕರಿಗೆ ಪಾರ್ಸೆಲ್ ಕಳಿಸುವವರು ಈ ದಾರಿ ಹಿಡಿಯಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಎರಡು, ಒಎಸ್‌ಎಸ್ (ಒನ್ ಸ್ಟಾಪ್ ಶಾಪ್). ಒಂದೇ ಕಿಟಕಿ ಎನ್ನುವ ಅರ್ಥದ ಹೆಸರು, ಕೆಲಸವೂ ಹಾಗೆಯೇ. ನಿಮ್ಮ ದೇಶದ ತೆರಿಗೆ ಇಲಾಖೆಯ ತಾಣದಲ್ಲೇ ನೋಂದಣಿ. ಮೂರು ತಿಂಗಳಿಗೊಂದು ರಿಟರ್ನ್. ಅದರಲ್ಲಿ ಯಾವ ದೇಶಕ್ಕೆ ಎಷ್ಟು ಮಾರಿದಿರಿ, ಯಾವ ದರ, ಎಷ್ಟು ತೆರಿಗೆ ಎಂದು ಬರೆದು ಒಟ್ಟು ಹಣ ಒಂದೇ ಸಲ ಕಟ್ಟುತ್ತೀರಿ. ನಿಮ್ಮ ಇಲಾಖೆ ಅದನ್ನು ಆಯಾ ದೇಶಗಳಿಗೆ ಹಂಚುತ್ತದೆ. ತ್ರೈಮಾಸಿಕ ಮುಗಿದ ಮುಂದಿನ ತಿಂಗಳ ಕೊನೆಯ ದಿನ ಗಡುವು. ಜನವರಿಯಿಂದ ಮಾರ್ಚ್‌ವರೆಗಿನದ್ದು ಏಪ್ರಿಲ್ 30ರೊಳಗೆ.

ಮೂರು, 2025ರ ಜನವರಿ 1ರಿಂದ ಬಂದ ಸಣ್ಣ ವ್ಯಾಪಾರಗಳ ವಿನಾಯಿತಿ. ಇದನ್ನು ಇನ್ನೂ ಬಹಳ ಜನ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಎಸ್‌ಎಸ್ ಬೇಕೋ, ವಿನಾಯಿತಿ ಬೇಕೋ?

ಮೊದಲೂ ಎಷ್ಟೋ ದೇಶಗಳು ತಮ್ಮ ನೆಲದ ಸಣ್ಣ ವ್ಯಾಪಾರಿಗಳಿಗೆ ವ್ಯಾಟ್ ಬಿಟ್ಟುಕೊಡುತ್ತಿದ್ದವು. ಪಕ್ಕದ ದೇಶದ ಸಣ್ಣ ವ್ಯಾಪಾರಿಗೆ ಮಾತ್ರ ಅದು ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ. ಒಕ್ಕೂಟದಲ್ಲೆಲ್ಲ ಸೇರಿ ನಿಮ್ಮ ವಾರ್ಷಿಕ ವಹಿವಾಟು 1,00,000 ಯೂರೋ ಒಳಗಿರಬೇಕು. ಜೊತೆಗೆ ಗ್ರಾಹಕರಿರುವ ದೇಶ ತನ್ನ ಸಣ್ಣ ವ್ಯಾಪಾರಿಗಳಿಗೆ ಇಟ್ಟ ಮಿತಿಯನ್ನೂ ಆ ದೇಶದಲ್ಲಿ ನೀವು ದಾಟಿರಬಾರದು. ಆ ಮಿತಿ ಒಂದೊಂದು ದೇಶದಲ್ಲಿ ಒಂದೊಂದು ಥರ. 85,000 ಯೂರೋಗಿಂತ ಜಾಸ್ತಿ ಇಡಲು ಮಾತ್ರ ಯಾವ ದೇಶಕ್ಕೂ ಅವಕಾಶವಿಲ್ಲ. ನಿಮ್ಮ ದೇಶದಲ್ಲೇ ಒಂದು ಅರ್ಜಿ ಹಾಕಿದರೆ, ಕೊನೆಯಲ್ಲಿ ಇಎಕ್ಸ್ ಎಂಬ ಅಕ್ಷರಗಳಿರುವ ನಂಬರ್ ಕೊಡುತ್ತಾರೆ. ಆಮೇಲೆ ಮೂರು ತಿಂಗಳಿಗೊಮ್ಮೆ ಯಾವ ದೇಶದಲ್ಲಿ ಎಷ್ಟು ಮಾರಿದಿರಿ ಎಂದು ತಿಳಿಸಿದರೆ ಸಾಕು. ವ್ಯಾಟ್ ಹಾಕುವ ಹಾಗಿಲ್ಲ, ಕಟ್ಟುವ ಹಾಗೂ ಇಲ್ಲ.

ಕೇಳಲು ಬಲು ಸೊಗಸು. ಆದರೆ ನೀವು ಕೊಂಡ ಮರ, ಬಣ್ಣ, ಡಬ್ಬಿಗಳ ಮೇಲೆ ಕೊಟ್ಟ ವ್ಯಾಟ್ ವಾಪಸ್ ಬರುವುದಿಲ್ಲ. ವಿನಾಯಿತಿ ಪಡೆದ ಮಾರಾಟಕ್ಕೆ ಬಳಸಿದ ಖರೀದಿಯ ವ್ಯಾಟನ್ನು ವಾಪಸ್ ಕೇಳಲು ಬರುವುದಿಲ್ಲ ಎಂಬುದು ನಿಯಮ. ಹಾಗಾಗಿ ಇಲ್ಲಿ ಕುಳಿತು ಲೆಕ್ಕ ಹಾಕಲೇಬೇಕು.

50 ಯೂರೋ ಬೆಲೆಯ ಒಂದು ಆಟಿಕೆ ಸ್ವೀಡನ್‌ಗೆ ಹೋಯಿತು. ಒಎಸ್‌ಎಸ್ ದಾರಿಯಲ್ಲಿ ಆ 50ರಲ್ಲಿ 10 ಯೂರೋ ಸ್ವೀಡನ್ನಿನ ವ್ಯಾಟ್. ನಿಮಗೆ ಉಳಿದದ್ದು 40. ಕಚ್ಚಾ ಸಾಮಾನಿಗೆ ಕೊಟ್ಟ ವ್ಯಾಟ್ 2 ಯೂರೋ ಅಂದರೆ, ಅದನ್ನು ನಿಮ್ಮ ದೇಶದ ರಿಟರ್ನ್‌ನಲ್ಲಿ ವಾಪಸ್ ಪಡೆಯುತ್ತೀರಿ. ವಿನಾಯಿತಿ ದಾರಿಯಲ್ಲಿ 50 ಪೂರ್ತಿ ನಿಮ್ಮದು, ಆ 2 ಮಾತ್ರ ಹೋಯಿತು. ಕೈಯಿಂದ ಮಾಡುವ, ಕೂಲಿಯೇ ಜಾಸ್ತಿ ಇರುವ ವಸ್ತುಗಳಲ್ಲಿ ವಿನಾಯಿತಿಯೇ ಲಾಭ. ಅದೇ ವಸ್ತುವನ್ನು ಸಗಟಾಗಿ 36 ಯೂರೋ ಮತ್ತು ಅದರ ಮೇಲೆ 8 ಯೂರೋಗೂ ಮಿಕ್ಕಿ ವ್ಯಾಟ್ ಕೊಟ್ಟು ತಂದು ಮಾರುವವರಾದರೆ, ಎರಡೂ ದಾರಿಯ ನಡುವಿನ ಅಂತರ ಒಂದೆರಡು ಯೂರೋಗೆ ಇಳಿಯುತ್ತದೆ. ದೊಡ್ಡ ಯಂತ್ರ ಕೊಳ್ಳುವ ವರ್ಷವಾದರೆ ವಿನಾಯಿತಿ ತಿರುಗಿ ಹೊಡೆಯಬಹುದು.

ಇನ್ನೊಂದು ಮಾತು. ಈ ವಿನಾಯಿತಿ ಒಕ್ಕೂಟದಲ್ಲಿ ನೆಲೆಸಿರುವ ವ್ಯಾಪಾರಗಳಿಗೆ ಮಾತ್ರ. ಹೊರಗಿನವರಿಗೆ ಈ ಬಾಗಿಲು ಮುಚ್ಚಿದೆ.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರೋ ಇಬ್ಬರೋ ಸೇರಿ ಕೈಕೆಲಸ ಮಾಡಿ ಮಾರುವವರು, ವಹಿವಾಟು 1,00,000ದಿಂದ ಬಹಳ ದೂರ ಇರುವವರು, ಮೊದಲು ವಿನಾಯಿತಿಯನ್ನೇ ನೋಡಬೇಕು. 80,000, 90,000 ಮುಟ್ಟಿ ಬೆಳೆಯುತ್ತಿರುವವರು ಒಎಸ್‌ಎಸ್‌ಗೆ ಹೋಗುವುದು ಮೇಲು. ಮಿತಿ ದಾಟಿದ ದಿನ ವಿನಾಯಿತಿ ಎಲ್ಲ ದೇಶಗಳಲ್ಲೂ ಒಟ್ಟಿಗೇ ಹೋಗುತ್ತದೆ. ಹಬ್ಬದ ಮಾರಾಟದ ನಡುವೆ ಬೆಲೆ ಬದಲಿಸುವ ಗಲಾಟೆ ಯಾರಿಗೆ ಬೇಕು, ಅಲ್ವಾ?

ಒಎಸ್‌ಎಸ್‌ನಲ್ಲಿ ಎಡವುವ ಜಾಗಗಳು

ಒಎಸ್‌ಎಸ್ ಒಳ್ಳೆಯ ವ್ಯವಸ್ಥೆ. ಆದರೂ ನಾಲ್ಕು ವಿಷಯ ಗೊತ್ತಿಲ್ಲದೆ ಒಳಗೆ ಕಾಲಿಡಬೇಡಿ.

ಸಾಮಾನ್ಯವಾಗಿ ನೋಂದಣಿ ಜಾರಿಗೆ ಬರುವುದು ಮುಂದಿನ ತ್ರೈಮಾಸಿಕದ ಮೊದಲ ದಿನದಿಂದ. ಅಷ್ಟರಲ್ಲಿ ನೀವು 10,000 ದಾಟಿಬಿಟ್ಟಿದ್ದರೆ? ಅದಕ್ಕೂ ದಾರಿ ಇದೆ. ಮಿತಿ ದಾಟಿಸಿದ ಆ ಮಾರಾಟ ನಡೆದ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ತಿಳಿಸಿದರೆ, ಆ ಮಾರಾಟದ ದಿನದಿಂದಲೇ ಒಎಸ್‌ಎಸ್ ಲೆಕ್ಕಕ್ಕೆ ಬರುತ್ತದೆ. ಆ 10ನೇ ತಾರೀಖು ತಪ್ಪಿದರೆ, ನಡುವಿನ ದಿನಗಳ ಮಾರಾಟಕ್ಕೆ ಆಯಾ ದೇಶದಲ್ಲಿ ನೋಂದಣಿ ಮಾಡಿಸಬೇಕಾಗಿ ಬರಬಹುದು.

ದರ ಹುಡುಕುವುದು ಎರಡನೆಯ ಕಷ್ಟ. ಲಕ್ಸೆಂಬರ್ಗ್‌ನ ಸಾಮಾನ್ಯ ದರ 17%, ಹಂಗೇರಿಯದ್ದು 27%. ಒಂದೇ 50 ಯೂರೋ ಬೆಲೆಗೆ ಮಾರಿದರೆ ಲಕ್ಸೆಂಬರ್ಗ್‌ನಿಂದ 42.74 ಕೈಗೆ ಬರುತ್ತದೆ, ಹಂಗೇರಿಯಿಂದ 39.37. ಎಲ್ಲರಿಗೂ ಒಂದೇ ಬೆಲೆ ಇಡುವುದಾದರೆ ಅತಿ ಹೆಚ್ಚು ದರದ ದೇಶಕ್ಕೆ ತಾಳೆ ನೋಡಿಯೇ ಬೆಲೆ ಕಟ್ಟಿ. ಕೆಲವು ವಸ್ತುಗಳಿಗೆ ಕಡಿಮೆ ದರವೂ ಉಂಟು. ಮುದ್ರಿತ ಪುಸ್ತಕಕ್ಕೆ ಜರ್ಮನಿಯಲ್ಲಿ 7%, ಫ್ರಾನ್ಸಿನಲ್ಲಿ 5.5%, ಐರ್ಲೆಂಡಿನಲ್ಲಿ ಸೊನ್ನೆ. ದರ ಬದಲಾಗುತ್ತಲೂ ಇರುತ್ತದೆ. ಫಿನ್ಲೆಂಡ್ 2024ರ ಸೆಪ್ಟೆಂಬರ್‌ನಲ್ಲಿ 24ರಿಂದ 25.5%ಗೆ ಏರಿತು. ಸ್ಲೊವಾಕಿಯಾ 2025ರ ಜನವರಿಯಲ್ಲಿ 20ರಿಂದ 23%ಗೆ ಹೋಯಿತು. ಹಳೆಯ ಪಟ್ಟಿ ನೋಡಿಕೊಂಡು ಬೆಲೆ ಹಾಕಿದರೆ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಮೂರನೆಯದು, ಒಎಸ್‌ಎಸ್ ರಿಟರ್ನ್‌ನಲ್ಲಿ ಕಟ್ಟುವುದಕ್ಕೆ ಮಾತ್ರ ಜಾಗ. ಖರೀದಿಯ ವ್ಯಾಟ್ ಕಳೆಯಲು ಅಲ್ಲಿ ಕಾಲಂ ಇಲ್ಲ. ನಿಮ್ಮ ದೇಶದಲ್ಲಿ ಕೊಟ್ಟದ್ದನ್ನು ನಿಮ್ಮ ಮಾಮೂಲಿ ರಿಟರ್ನ್‌ನಲ್ಲಿ ಪಡೆಯಬೇಕು. ಬೇರೆ ದೇಶದ ಮೇಳಕ್ಕೆ ಹೋಗಿ ಅಲ್ಲಿ ಕೊಟ್ಟ ವ್ಯಾಟ್‌ಗೆ ಪ್ರತ್ಯೇಕ ಮರುಪಾವತಿ ಅರ್ಜಿ ಹಾಕಬೇಕು.

ನಾಲ್ಕನೆಯದು ಶಿಸ್ತಿನ ವಿಷಯ. ದಾಖಲೆಗಳನ್ನು 10 ವರ್ಷ ಇಡಬೇಕು. ಹಳೆಯ ತಪ್ಪನ್ನು 3 ವರ್ಷದವರೆಗೆ ಮುಂದಿನ ರಿಟರ್ನ್‌ನಲ್ಲಿ ಸರಿ ಮಾಡಬಹುದು, ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಸತತ ಮೂರು ತ್ರೈಮಾಸಿಕ ನೆನಪೋಲೆ ಬಂದರೂ ಗಡುವಿಗೆ ಸರಿಯಾಗಿ ರಿಟರ್ನ್ ಹಾಕದಿದ್ದರೆ ಹೊರಗೆ ಹಾಕುತ್ತಾರೆ. ಆಮೇಲೆ ಎರಡು ವರ್ಷ ಒಳಗೆ ಬರುವ ಹಾಗಿಲ್ಲ. ಆ ಎರಡು ವರ್ಷ ದೇಶ ದೇಶದಲ್ಲೂ ನೋಂದಣಿಯೇ ಗತಿ. ಮಾರಾಟ ಇಲ್ಲದ ತ್ರೈಮಾಸಿಕದಲ್ಲೂ ಸೊನ್ನೆ ರಿಟರ್ನ್ ಹಾಕಲು ಮರೆಯಬೇಡಿ.

ಗೋದಾಮಿನ ಆಮಿಷ

ನನಗೆ ಎಲ್ಲಕ್ಕಿಂತ ಕಳವಳ ಇರುವುದು ಇಲ್ಲೇ. ಹಲವು ಮಾರಾಟಗಾರರ ಸರಕು ಒಂದೇ ಕಡೆ ಮಾರುವ ಆನ್‌ಲೈನ್ ಮಾರುಕಟ್ಟೆ ತಾಣಗಳು "ನಿಮ್ಮ ಸರಕನ್ನು ನಮ್ಮ ಗೋದಾಮುಗಳಿಗೆ ಕಳಿಸಿ, ಗ್ರಾಹಕರಿಗೆ ಮರುದಿನವೇ ತಲುಪಿಸುತ್ತೇವೆ" ಎನ್ನುತ್ತವೆ. ಒಂದು ಗುಂಡಿ ಒತ್ತಿದರೆ ಸಾಕು, ಸರಕು ಪೋಲೆಂಡ್, ಚೆಕ್ ಗಣರಾಜ್ಯ, ಫ್ರಾನ್ಸ್ ಎಂದು ಹಂಚಿಹೋಗುತ್ತದೆ. ವ್ಯಾಪಾರ ಬೆಳೆಯಬೇಕು ಎಂಬ ಆಸೆ ಯಾರಿಗಿಲ್ಲ?

ಆದರೆ ನಿಮ್ಮದೇ ಸರಕನ್ನು ನೀವೇ ಬೇರೆ ದೇಶದ ಗೋದಾಮಿಗೆ ಕಳಿಸಿದರೂ ವ್ಯಾಟ್‌ನಲ್ಲಿ ಅದು ಒಂದು ವಹಿವಾಟು. ಹೊರಟ ದೇಶದಲ್ಲಿ ಅದನ್ನು ಕಳಿಸಿದ್ದೆಂದು, ಸೇರಿದ ದೇಶದಲ್ಲಿ ಪಡೆದದ್ದೆಂದು ತೋರಿಸಬೇಕು. ಅದಕ್ಕೆ ಆ ದೇಶದಲ್ಲಿ ವ್ಯಾಟ್ ನಂಬರ್ ಬೇಕು. ಇದನ್ನು ಒಎಸ್‌ಎಸ್‌ನಲ್ಲಿ ತೋರಿಸಲು ಬರುವುದಿಲ್ಲ. ಪೋಲೆಂಡಿನ ಗೋದಾಮಿನಿಂದ ಪೋಲೆಂಡಿನ ಗ್ರಾಹಕರಿಗೇ ಹೋದ ಸರಕು ಅಲ್ಲಿನ ಸ್ಥಳೀಯ ಮಾರಾಟ. ಒಕ್ಕೂಟದಲ್ಲಿ ನೆಲೆಸಿದ ಮಾರಾಟಗಾರರಾದರೆ ಅದೂ ಪೋಲೆಂಡಿನ ರಿಟರ್ನ್‌ನಲ್ಲೇ ಬರಬೇಕು. ಅದೇ ಗೋದಾಮಿನಿಂದ ಜರ್ಮನಿಯ ಗ್ರಾಹಕರಿಗೆ ಹೋದದ್ದು ಮಾತ್ರ ಒಎಸ್‌ಎಸ್‌ಗೆ ಸೇರುತ್ತದೆ. ಜೊತೆಗೆ, ಎರಡನೆಯ ದೇಶದ ಗೋದಾಮಿನಿಂದ ಹೊರಡುವ ಮಾರಾಟಕ್ಕೆ 10,000ದ ರಿಯಾಯಿತಿಯ ಆಸರೆ ಇಲ್ಲ.

ಇದು ಬದಲಾಗಲಿದೆ. ವೈಡಾ (ಡಿಜಿಟಲ್ ಯುಗದ ವ್ಯಾಟ್) ಎಂದು ಕರೆಯುವ ಒಕ್ಕೂಟದ ಸುಧಾರಣೆಗೆ 2025ರ ಮಾರ್ಚ್ 11ರಂದು ಒಪ್ಪಿಗೆ ಸಿಕ್ಕಿತು. ಅದರ ಪ್ರಕಾರ 2028ರ ಜುಲೈ 1ರಿಂದ ಸ್ವಂತ ಸರಕಿನ ಸಾಗಣೆಯನ್ನೂ ಒಎಸ್‌ಎಸ್ ಮೂಲಕವೇ ತೋರಿಸಬಹುದು. ಅಲ್ಲಿಯವರೆಗೆ ಹೊಸ ದೇಶದ ಗೋದಾಮು ಎಂದರೆ ಹೊಸ ದೇಶದ ನೋಂದಣಿ, ಹೊಸ ರಿಟರ್ನ್, ಅಲ್ಲಿನ ಲೆಕ್ಕಿಗರ ಶುಲ್ಕ.

ಹಾಗಾದರೆ ಗೋದಾಮು ಬೇಡವೇ? ಒಂದು ದೇಶದಲ್ಲಿ ನಿಮ್ಮ ಮಾರಾಟ ಚೆನ್ನಾಗಿ ಕುದುರಿದ್ದರೆ ಆ ಒಂದು ದೇಶದಲ್ಲಿ ಇಡಿ. ಐದು ದೇಶಕ್ಕೆ ಒಟ್ಟಿಗೇ ಹರಡುವ ಗುಂಡಿಯನ್ನು ಮಾತ್ರ ಸುಮ್ನೆ ಒತ್ತಬೇಡಿ. ಬೇಗ ತಲುಪಿಸಿದ್ದರಿಂದ ಬಂದ ಹೆಚ್ಚಿನ ಲಾಭ ಐದು ಲೆಕ್ಕಿಗರಿಗೆ ಹಂಚಿಹೋಗುತ್ತದೆ.

ಸರಕು ಒಕ್ಕೂಟದ ಹೊರಗಿದ್ದರೆ

ಮೊದಲು 22 ಯೂರೋವರೆಗಿನ ಪಾರ್ಸೆಲ್‌ಗೆ ಆಮದು ವ್ಯಾಟ್ ಇರಲಿಲ್ಲ. 2021ರ ಜುಲೈ 1ಕ್ಕೆ ಅದೂ ನಿಂತಿತು. ಈಗ ಎಷ್ಟೇ ಚಿಕ್ಕ ಬೆಲೆಯಾದರೂ ವ್ಯಾಟ್ ಇದೆ. ಪ್ರಶ್ನೆ ಇಷ್ಟೇ: ಅದನ್ನು ಯಾರು, ಯಾವಾಗ ಕಟ್ಟುತ್ತಾರೆ?

ಇಲ್ಲಿ ಗೆರೆ ಎಳೆಯುವ ಅಂಕಿ 150 ಯೂರೋ. ಇದನ್ನು ಅಳೆಯುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ. 150 ಎಂಬುದು ಸರಕಿನ ಬೆಲೆ ಮಾತ್ರ. ಸಾಗಣೆ ಮತ್ತು ವಿಮೆಯನ್ನು ಬಿಲ್‌ನಲ್ಲಿ ಬೇರೆಯಾಗಿ ತೋರಿಸಿದ್ದರೆ ಅದು ಸೇರುವುದಿಲ್ಲ, ವ್ಯಾಟ್ ಕೂಡ ಸೇರುವುದಿಲ್ಲ. ಆದರೆ ವ್ಯಾಟ್ ಲೆಕ್ಕ ಹಾಕುವಾಗ ಸಾಗಣೆಯೂ ಸೇರುತ್ತದೆ. 140 ಯೂರೋ ವಸ್ತು, 20 ಯೂರೋ ಸಾಗಣೆ, ಗ್ರಾಹಕರು ಜರ್ಮನಿಯವರು ಎನ್ನಿ. ಗೆರೆ ದಾಟಿಲ್ಲ. ವ್ಯಾಟ್ ಮಾತ್ರ 160ರ ಮೇಲೆ, ಅಂದರೆ 30.40. ಅದೇ ನೀವು "ಸಾಗಣೆ ಉಚಿತ" ಎಂದು 160 ಯೂರೋ ಬೆಲೆ ಹಾಕಿದರೆ ಗೆರೆ ದಾಟಿಯೇ ಹೋಯಿತು. ಒಂದೇ ಸಾಲಿನ ವ್ಯತ್ಯಾಸ, ಆದರೆ ಪಾರ್ಸೆಲ್‌ನ ಇಡೀ ದಾರಿ ಬದಲಾಗುತ್ತದೆ.

ಒಬ್ಬರೇ ಗ್ರಾಹಕರಿಗೆ 90 ಯೂರೋದ ಎರಡು ವಸ್ತು ಒಂದೇ ಪಾರ್ಸೆಲ್‌ನಲ್ಲಿ ಕಳಿಸಿದರೆ 180 ಎಂದೇ ಲೆಕ್ಕ. ಒಂದೇ ಆರ್ಡರನ್ನು ಸುಳ್ಳು ಸುಳ್ಳಾಗಿ ಎರಡು ಮಾಡಿ ಕಳಿಸಿದರೆ ಕಸ್ಟಮ್ಸ್‌ನವರು ಕೂಡಿಸಿ ನೋಡಬಹುದು. ಆ ಕೆಲಸ ಬೇಡ.

150ರೊಳಗಿನ ಪಾರ್ಸೆಲ್‌ಗೆ ಎದುರಿಗಿರುವ ದಾರಿಗಳಿವು.

ಮೊದಲನೆಯದು ಐಒಎಸ್‌ಎಸ್, ಅಂದರೆ ಆಮದಿಗೆಂದೇ ಇರುವ ಒಎಸ್‌ಎಸ್. ಗ್ರಾಹಕರು ದುಡ್ಡು ಕೊಡುವಾಗಲೇ ಅವರ ದೇಶದ ವ್ಯಾಟ್ ತೆಗೆದುಕೊಳ್ಳುತ್ತೀರಿ. ಪ್ರತಿ ತಿಂಗಳು ರಿಟರ್ನ್, ಮುಂದಿನ ತಿಂಗಳ ಕೊನೆಗೆ ಗಡುವು. ಗಡಿಯಲ್ಲಿ ಪಾರ್ಸೆಲ್‌ಗೆ ವ್ಯಾಟ್ ಕೇಳುವುದಿಲ್ಲ, ಬಾಗಿಲಲ್ಲೂ ಕೇಳುವುದಿಲ್ಲ. ಒಕ್ಕೂಟದ ಹೊರಗಿನ ಮಾರಾಟಗಾರರು ಸಾಮಾನ್ಯವಾಗಿ ಒಳಗಿನ ಒಬ್ಬ ಮಧ್ಯವರ್ತಿಯ ಮೂಲಕವೇ ನೋಂದಣಿ ಮಾಡಿಸಬೇಕು. ನೀವು ತೆರಿಗೆ ಕಟ್ಟದಿದ್ದರೆ ಆ ಮಧ್ಯವರ್ತಿಯೇ ಹೊಣೆ. ಅದಕ್ಕೇ ಅವರು ಶುಲ್ಕ ಕೇಳುತ್ತಾರೆ, ಕೆಲವರು ಠೇವಣಿಯನ್ನೂ ಕೇಳುತ್ತಾರೆ. ಮದ್ಯ, ತಂಬಾಕಿನಂಥ ಅಬಕಾರಿ ಸರಕಿಗೆ ಈ ದಾರಿ ಇಲ್ಲ.

ಎರಡನೆಯದು, ಮಾರಾಟಗಾರರು ಏನೂ ಮಾಡದ ದಾರಿ. ಅಂಚೆ ಅಥವಾ ಕೊರಿಯರ್‌ನವರು ಗ್ರಾಹಕರಿಂದ ವ್ಯಾಟ್ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತಾರೆ. ಆ ಕೆಲಸಕ್ಕೆ ತಮ್ಮ ಶುಲ್ಕವನ್ನೂ ಸೇರಿಸುತ್ತಾರೆ. ಕಡಿಮೆ ದರದ ವಸ್ತುವಿಗೂ ಸಾಮಾನ್ಯ ದರವೇ ಬೀಳಬಹುದು. ಮೊದಲಿಗೆ ಹೇಳಿದ ಆಟಿಕೆಯ ಕಥೆ ಈ ದಾರಿಯದ್ದೇ.

ಮೂರನೆಯದು, ಅದೇ ಕೊರಿಯರ್‌ನವರು ವ್ಯಾಟ್ ಮತ್ತು ಶುಲ್ಕವನ್ನು ಗ್ರಾಹಕರ ಬದಲು ನಿಮ್ಮ ಲೆಕ್ಕಕ್ಕೆ ಹಾಕುವುದು. ವ್ಯಾಪಾರದ ಮಾತಿನಲ್ಲಿ ಡಿಡಿಪಿ. ಗ್ರಾಹಕರಿಗೆ ನೆಮ್ಮದಿ, ನಿಮಗೆ ಪಾರ್ಸೆಲ್ ಪಾರ್ಸೆಲ್‌ಗೂ ಖರ್ಚು.

ನಾಲ್ಕನೆಯದು, ಮಾರುಕಟ್ಟೆ ತಾಣದ ಮೂಲಕ ಮಾರುವುದು. 150ರೊಳಗಿನ ಆಮದು ಸರಕಿಗೆ ಕಾನೂನಿನಲ್ಲಿ ತಾಣವೇ ಮಾರಾಟಗಾರ. ವ್ಯಾಟ್ ತೆಗೆದುಕೊಳ್ಳುವುದು, ಕಟ್ಟುವುದು ಅವರ ಕೆಲಸ. ನಿಮ್ಮ ತೆರಿಗೆಯ ಹೊರೆ ಇಳಿಯುತ್ತದೆ, ತಾಣದ ಕಮಿಷನ್ ಏರುತ್ತದೆ.

ಐಒಎಸ್‌ಎಸ್ ಮತ್ತು ಡಿಡಿಪಿ ನಡುವೆ ಆರಿಸಲು ಒಂದು ಚಿಕ್ಕ ಭಾಗಾಕಾರ ಸಾಕು. ಮಧ್ಯವರ್ತಿ ವರ್ಷಕ್ಕೆ 900 ಯೂರೋ ಕೇಳುತ್ತಾರೆ, ಕೊರಿಯರ್‌ನವರು ಪಾರ್ಸೆಲ್‌ಗೆ 6 ಯೂರೋ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಅಂಕಿ ಲೆಕ್ಕ ತೋರಿಸಲು ಮಾತ್ರ. 900ನ್ನು 6ರಿಂದ ಭಾಗಿಸಿದರೆ 150. ವರ್ಷಕ್ಕೆ 150 ಪಾರ್ಸೆಲ್‌ಗಿಂತ ಕಡಿಮೆ ಇದ್ದರೆ ಡಿಡಿಪಿ, ಜಾಸ್ತಿ ಇದ್ದರೆ ಐಒಎಸ್‌ಎಸ್. ನಿಮಗೆ ಸಿಕ್ಕ ನಿಜವಾದ ದರಗಳನ್ನು ಹಾಕಿ ನೋಡಿ. ವರ್ಷಕ್ಕೆ ಹತ್ತೋ ಹದಿನೈದೋ ಪಾರ್ಸೆಲ್ ಕಳಿಸುವವರು ಎರಡನೆಯ ದಾರಿಯಲ್ಲೇ ಇರಬಹುದು. ಆದರೆ ದುಡ್ಡು ಕೊಡುವ ಪುಟದಲ್ಲೇ "ಪಾರ್ಸೆಲ್ ಪಡೆಯುವಾಗ ನಿಮ್ಮ ದೇಶದ ವ್ಯಾಟ್ ಮತ್ತು ಶುಲ್ಕ ಕೊಡಬೇಕಾಗುತ್ತದೆ" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಷರತ್ತುಗಳ ಪುಟದ ಕೊನೆಯಲ್ಲಿ ಬರೆದರೆ ಬರೆದಂತೆ ಅಲ್ಲ.

ಐಒಎಸ್‌ಎಸ್ ಹಿಡಿದವರು ನಂಬರನ್ನು ಜೋಪಾನ ಮಾಡಬೇಕು. ಅದು ಐಎಂ ಎಂಬ ಅಕ್ಷರಗಳಿಂದ ಶುರುವಾಗುತ್ತದೆ, ಮುಂದೆ ಹತ್ತು ಅಂಕಿ. ಕೊರಿಯರ್‌ನವರಿಗೆ ಎಲೆಕ್ಟ್ರಾನಿಕ್ ಡೇಟಾ ಮೂಲಕ ಕೊಡಿ. ವೆಬ್‌ಸೈಟ್‌ನಲ್ಲಿ ಹಾಕಬೇಡಿ. ಬೇರೆಯವರು ಅದನ್ನು ಬಳಸಿದರೆ ಅವರ ಸರಕೂ ನಿಮ್ಮ ಹೆಸರಿನಲ್ಲಿ ಗಡಿ ದಾಟುತ್ತದೆ. ಮಾರುಕಟ್ಟೆ ತಾಣ ತನ್ನ ನಂಬರ್ ಕೊಟ್ಟಿದ್ದರೆ ಅದು ಆ ತಾಣದ ಆರ್ಡರ್‌ಗಳಿಗೆ ಮಾತ್ರ. ನಿಮ್ಮ ಸ್ವಂತ ವೆಬ್‌ಸೈಟ್‌ನ ಆರ್ಡರ್‌ಗೆ ಅದನ್ನು ಹಾಕುವುದು ತಪ್ಪು. ಇನ್ನು ನಂಬರ್ ಕಸ್ಟಮ್ಸ್‌ಗೆ ತಲುಪದಿದ್ದರೆ ಗ್ರಾಹಕರು ಎರಡು ಸಲ ವ್ಯಾಟ್ ಕೊಟ್ಟಂತಾಗುತ್ತದೆ. ಆಗ ನೀವು ತೆಗೆದುಕೊಂಡ ವ್ಯಾಟನ್ನು ಅವರಿಗೆ ವಾಪಸ್ ಕೊಟ್ಟು, ಅವರು ಗಡಿಯಲ್ಲಿ ಕಟ್ಟಿದ ದಾಖಲೆ ಇಟ್ಟುಕೊಂಡು, ರಿಟರ್ನ್ ಸರಿ ಮಾಡಿ. ಮೊದಲ ಹತ್ತು ಪಾರ್ಸೆಲ್ ಹೋದ ಮೇಲೆ ಗ್ರಾಹಕರಿಗೆ ಪತ್ರ ಬರೆದು "ಬಾಗಿಲಲ್ಲಿ ಏನಾದರೂ ಕೇಳಿದರಾ" ಎಂದು ವಿಚಾರಿಸಿ. ಇದು ತುಂಬಾ ಉಪಯೋಗಕ್ಕೆ ಬರುವ ಅಭ್ಯಾಸ.

150 ದಾಟಿದರೆ ಐಒಎಸ್‌ಎಸ್ ಇಲ್ಲ. ಪೂರ್ಣ ಕಸ್ಟಮ್ಸ್ ಘೋಷಣೆ, ಆಮದು ವ್ಯಾಟ್, ಜೊತೆಗೆ ಸರಕಿಗೆ ತಕ್ಕ ಸುಂಕ. ಇಂಥ ಬೆಲೆಬಾಳುವ ವಸ್ತುಗಳಿಗೆ ನಾನು ಡಿಡಿಪಿಯನ್ನೇ ಹೇಳುತ್ತೇನೆ. 300 ಯೂರೋ ಕೊಟ್ಟವರಿಗೆ ಬಾಗಿಲಲ್ಲಿ 80 ಯೂರೋ ಬಿಲ್ ತೋರಿಸಬಾರದು.

150ರೊಳಗಿನದಕ್ಕೆ ಸುಂಕ ಇಲ್ಲ ಎಂಬ ಹಳೆಯ ಲೆಕ್ಕವೂ ಬದಲಾಗುತ್ತಿದೆ. 2025ರ ಡಿಸೆಂಬರ್‌ನಲ್ಲಿ ಸದಸ್ಯ ದೇಶಗಳು ಒಂದು ತೀರ್ಮಾನಕ್ಕೆ ಬಂದವು. 2026ರ ಜುಲೈ 1ರಿಂದ ಇಂಥ ಪಾರ್ಸೆಲ್‌ನೊಳಗಿನ ಪ್ರತಿ ಬಗೆಯ ಸರಕಿಗೆ 3 ಯೂರೋ ಸುಂಕ. 8 ಯೂರೋ ವಸ್ತು ಮಾರುವವರಿಗೆ ಇದು ದೊಡ್ಡ ಪೆಟ್ಟು, 120 ಯೂರೋ ವಸ್ತುವಿಗೆ ಅಷ್ಟಿಲ್ಲ. ಅಗ್ಗದ ವಸ್ತುಗಳನ್ನು ಬಿಡಿಬಿಡಿಯಾಗಿ ಹೊರಗಿನಿಂದ ಕಳಿಸುತ್ತಿದ್ದವರು, ಒಟ್ಟಾಗಿ ಆಮದು ಮಾಡಿ ಒಕ್ಕೂಟದ ಒಂದು ದೇಶದಲ್ಲಿ ಇಟ್ಟು ಅಲ್ಲಿಂದ ಒಎಸ್‌ಎಸ್ ಮೂಲಕ ಮಾರುವುದು ಗಿಟ್ಟುತ್ತದೆಯೇ ಎಂದು ಮತ್ತೆ ಲೆಕ್ಕ ಹಾಕಬೇಕು.

ತಾಣವೇ ಎಲ್ಲ ನೋಡಿಕೊಳ್ಳುತ್ತದೆಯೇ?

ಇಲ್ಲ. ಮಾರುಕಟ್ಟೆ ತಾಣವನ್ನು ಕಾನೂನು ಮಾರಾಟಗಾರ ಎಂದು ಎಣಿಸುವುದು ಎರಡೇ ಸಂದರ್ಭದಲ್ಲಿ. ಒಂದು, 150 ಯೂರೋವರೆಗಿನ ಆಮದು. ಇನ್ನೊಂದು, ಒಕ್ಕೂಟದ ಹೊರಗಿನ ಕಂಪನಿಯ ಸರಕು ಆಗಲೇ ಒಕ್ಕೂಟದ ಒಳಗಿದ್ದು ಗ್ರಾಹಕರಿಗೆ ಮಾರಾಟವಾದಾಗ. ನೀವು ಪೋರ್ಚುಗಲ್‌ನಲ್ಲೇ ನೆಲೆಸಿ, ಪೋರ್ಚುಗಲ್‌ನಿಂದಲೇ ಸರಕು ಕಳಿಸುವವರಾದರೆ, ತಾಣದಲ್ಲಿ ಮಾರಿದ್ದೂ ನಿಮ್ಮದೇ ಹೊಣೆ. ಆ ಮಾರಾಟವೂ 10,000ದ ಲೆಕ್ಕಕ್ಕೆ ಸೇರುತ್ತದೆ. ತಾಣದವರು ಕಟ್ಟಿರುತ್ತಾರೆ ಎಂದು ನಂಬಿ ಕುಳಿತರೆ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಬ್ರಿಟನ್

2021ರ ಜನವರಿ 1ರಿಂದ ಬ್ರಿಟನ್ನಿನದ್ದು ಬೇರೆಯೇ ನಿಯಮ. ಅಲ್ಲಿ ಗೆರೆ 135 ಪೌಂಡ್. ಅದರೊಳಗಿನ ಪಾರ್ಸೆಲ್ ಹೊರಗಿನಿಂದ ನಿಮ್ಮ ವೆಬ್‌ಸೈಟ್ ಮೂಲಕ ಹೋದರೆ, ಮಾರುವಾಗಲೇ ಬ್ರಿಟನ್ನಿನ ವ್ಯಾಟ್ ತೆಗೆದುಕೊಂಡು ಅಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ನೀವೇ ಕಟ್ಟಬೇಕು. ಸಾಮಾನ್ಯ ದರ 20%. ಮುದ್ರಿತ ಪುಸ್ತಕ, ಮಕ್ಕಳ ಬಟ್ಟೆಗೆ ಸೊನ್ನೆ. ಅಲ್ಲಿನ ವ್ಯಾಪಾರಿಗಳಿಗೆ 90,000 ಪೌಂಡ್‌ವರೆಗೆ ನೋಂದಣಿ ಬೇಕಿಲ್ಲ, ಆದರೆ ಹೊರಗಿನವರಿಗೆ ಆ ಮಿತಿ ಇಲ್ಲ. ಗ್ರಾಹಕರಿಗೆ ಕಳಿಸುವ ಮೊದಲ ಪಾರ್ಸೆಲ್‌ನಿಂದಲೇ ನೋಂದಣಿಯ ಪ್ರಶ್ನೆ ಬರುತ್ತದೆ. ತಾಣದ ಮೂಲಕ ಮಾರಿದರೆ ಅದು ತಾಣದ ಕೆಲಸ. 135 ದಾಟಿದರೆ ಗಡಿಯಲ್ಲಿ ಆಮದು ವ್ಯಾಟ್.

ಇದರ ಅರ್ಥ ಇಷ್ಟು: ವರ್ಷಕ್ಕೆ ಹತ್ತಿಪ್ಪತ್ತು ಚಿಕ್ಕ ಪಾರ್ಸೆಲ್ ಬ್ರಿಟನ್‌ಗೆ ಕಳಿಸುವವರು ಸ್ವಂತ ವೆಬ್‌ಸೈಟ್‌ನಲ್ಲಿ ಆ ದೇಶವನ್ನು ಮುಚ್ಚಿ, ತಾಣದ ಮೂಲಕ ಮಾತ್ರ ಮಾರುವುದು ಜಾಣತನ. ಉತ್ತರ ಐರ್ಲೆಂಡ್ ಮಾತ್ರ ಸರಕಿನ ವಿಷಯದಲ್ಲಿ ಈಗಲೂ ಒಕ್ಕೂಟದ ವ್ಯಾಟ್ ನಿಯಮಗಳನ್ನು ಅನುಸರಿಸುತ್ತದೆ. ಅಲ್ಲಿನ ವಿಳಾಸವನ್ನು ಬ್ರಿಟನ್ನಿನ ಪಟ್ಟಿಗೆ ಸೇರಿಸಿಬಿಡಬೇಡಿ.

ಮೂವರು ಮಾರಾಟಗಾರರು

ಲಿಸ್ಬನ್‌ನ ಆಟಿಕೆಯವರು: ಒಟ್ಟು ವಹಿವಾಟು ವರ್ಷಕ್ಕೆ 40,000, ಅದರಲ್ಲಿ ಹೊರದೇಶಕ್ಕೆ 11,000. ಮರಕ್ಕೆ, ಬಣ್ಣಕ್ಕೆ ಆಗುವ ಖರ್ಚು ಕಡಿಮೆ, ಕೈಕೆಲಸ ಜಾಸ್ತಿ. ಗ್ರಾಹಕರಿರುವ ಒಂದೊಂದು ದೇಶದ ಮಿತಿಯನ್ನೂ ನೋಡಿ, ಒಳಗಿದ್ದರೆ ಸಣ್ಣ ವ್ಯಾಪಾರಗಳ ವಿನಾಯಿತಿಗೆ ಅರ್ಜಿ ಹಾಕಲಿ. ಅರ್ಜಿ ಪರಿಶೀಲನೆಗೆ 35 ಕೆಲಸದ ದಿನಗಳವರೆಗೆ ಹಿಡಿಯಬಹುದು. ಹಾಗಾಗಿ ಹಬ್ಬದ ಋತುವಿಗೆ ಎರಡು ತಿಂಗಳು ಮೊದಲೇ ಶುರು ಮಾಡಲಿ.

ಒಕ್ಕೂಟದ ಹೊರಗಿನಿಂದ ವಾರಕ್ಕೆ ಇಪ್ಪತ್ತು ಪಾರ್ಸೆಲ್, ತಲಾ 60 ಯೂರೋ ಕೈಮಗ್ಗದ ಶಾಲು ಕಳಿಸುವವರು: ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಪಾರ್ಸೆಲ್. ಇಷ್ಟು ದೊಡ್ಡ ಸಂಖ್ಯೆಗೆ ಐಒಎಸ್‌ಎಸ್ ಬಿಟ್ಟು ಬೇರೆ ಮಾತೇ ಇಲ್ಲ. ಮೂವರು ಮಧ್ಯವರ್ತಿಗಳಿಂದ ದರ ತರಿಸಿ, ಠೇವಣಿ ಎಷ್ಟು, ರಿಟರ್ನ್‌ಗೆ ಬೇರೆ ಶುಲ್ಕ ಇದೆಯೇ, ಬಿಟ್ಟು ಹೋಗುವಾಗ ಏನು ನಿಯಮ ಎಂದು ಕೇಳಲಿ. ಶಾಲಿನ ಬೆಲೆಗೆ 3 ಯೂರೋ ಸುಂಕವನ್ನೂ ಈಗಲೇ ಸೇರಿಸಿಕೊಳ್ಳಲಿ.

ಮೂರನೆಯವರು ಜರ್ಮನಿಯಲ್ಲಿ ಅಡುಗೆಮನೆಯ ಸಾಮಾನು ಮಾರುವವರು: ವಹಿವಾಟು 3,00,000. ಆಗಲೇ ತಾಣವೊಂದರ ಗೋದಾಮು ಗುಂಡಿ ಒತ್ತಿಬಿಟ್ಟಿದ್ದಾರೆ. ಸರಕು ಪೋಲೆಂಡಿನಲ್ಲೂ ಚೆಕ್ ಗಣರಾಜ್ಯದಲ್ಲೂ ಇದೆ. ಅವರು ಮೊದಲು ಹೊಸ ಸರಕು ಹೊರಗೆ ಹೋಗದಂತೆ ಆ ಗುಂಡಿಯನ್ನು ಬಂದ್ ಮಾಡಬೇಕು. ಆಮೇಲೆ ತಾಣದ ವರದಿಗಳಿಂದ ಯಾವ ದಿನ ಎಷ್ಟು ಸರಕು ಯಾವ ದೇಶಕ್ಕೆ ಹೋಯಿತು ಎಂಬ ಪಟ್ಟಿ ಇಳಿಸಿಕೊಳ್ಳಬೇಕು. ಆ ಪಟ್ಟಿ ಹಿಡಿದು ಎರಡೂ ದೇಶಗಳಲ್ಲಿ ತಾವಾಗಿಯೇ ನೋಂದಣಿ ಮಾಡಿಸಿ ಹಿಂದಿನ ರಿಟರ್ನ್‌ಗಳನ್ನು ಹಾಕಬೇಕು. ಇಲಾಖೆಯ ಪತ್ರ ಬರುವುದಕ್ಕೆ ಮೊದಲು ಹೋದವರಿಗೂ ಬಂದ ಮೇಲೆ ಹೋದವರಿಗೂ ದಂಡದಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ಪಟ್ಟಿ ಇಳಿಸಿಕೊಳ್ಳುವ ಕೆಲಸವನ್ನು ಇವತ್ತೇ ಮಾಡಲಿ. ಹಳೆಯ ವರದಿಗಳನ್ನು ತಾಣಗಳು ಎಲ್ಲ ಕಾಲಕ್ಕೂ ಇಟ್ಟಿರುವುದಿಲ್ಲ.